ಊರು ಬಿಟ್ಟವರ ಆರೋಗ್ಯಕ್ಕೆ ಯಾರು ಹೊಣೆ?

ಮುಂಗಾರಿನ ಫಸಲು ಕೈಗೆ ಬಂದ ಮೇಲೆ, ಇಲ್ಲವೇ ಕೈಗೆ ಬಾರದೆ ಹೋದ ಮೇಲೆ, ರಾಯಚೂರು, ಯಾದಗಿರಿ, ಕಲಬುರಗಿ, ಕೊಪ್ಪಳ ಜಿಲ್ಲೆಗಳ ಎಷ್ಟೋ ಹಳ್ಳಿಗಳಲ್ಲಿ ಮನೆಗಳಿಗೆ ಬೀಗ ಬೀಳುತ್ತದೆ. ಬೆಂಗಳೂರು, ಗೋವಾ, ಪುಣೆ, ಮುಂಬಯಿ ಕಡೆಗೆ ಹೊರಡುವ ಬಸ್ಸುಗಳಿಗೆ ಪಾತ್ರೆಪಗಡೆ, ಹಾಸಿಗೆ ಸುರುಳಿ, ಜೋಳದ ಹಿಟ್ಟಿನ ಚೀಲಗಳು ಏರುತ್ತವೆ. ಮುದುಕರನ್ನು ಊರಿನಲ್ಲಿ ಬಿಟ್ಟು, ಎಳೆಯ ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಗಂಡ ಹೆಂಡತಿ ಹೊರಡುತ್ತಾರೆ. ಆ ಭಾಗದ ಜನ ಇದನ್ನು ಗುಳೆ ಹೋಗುವುದು ಎನ್ನುತ್ತಾರೆ. ಯುಗಾದಿಗೋ, ಮುಂದಿನ ಮಳೆಗೋ ಅವರು ಮತ್ತೆ ಊರು ಸೇರುತ್ತಾರೆ.

ಹೀಗೆ ಹೊರಟವರ ಪೈಕಿ ಒಬ್ಬ ಬಸುರಿ ಇದ್ದಾಳೆನ್ನೋಣ. ಅವಳ ಹೆಸರು ಊರಿನ ಆರೋಗ್ಯ ಉಪಕೇಂದ್ರದ ದಾಖಲೆ ಪುಸ್ತಕದಲ್ಲಿದೆ. ತಾಯಿ ಕಾರ್ಡೂ ಇದೆ. ಆದರೆ ಅದು ಮನೆಯ ಟ್ರಂಕಿನಲ್ಲೇ ಉಳಿದಿದೆ. ಮುಂದಿನ ತಪಾಸಣೆಯ ದಿನ ಆಶಾ ಕಾರ್ಯಕರ್ತೆ ಬಂದು ಬಾಗಿಲ ಬೀಗ ನೋಡಿ ‘ಊರಲ್ಲಿಲ್ಲ’ ಎಂದು ಬರೆದುಕೊಂಡು ಹೋಗುತ್ತಾಳೆ. ಅದೇ ಹೊತ್ತಿಗೆ ಬೆಂಗಳೂರಿನ ಹೊರವಲಯದ ಕಟ್ಟಡವೊಂದರ ಬದಿಯ ತಗಡಿನ ಶೆಡ್ಡಿನಲ್ಲಿ ಆ ಬಸುರಿ ಇದ್ದಾಳೆ. ಅಲ್ಲಿಯ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಇರುವುದು ಮನೆ ಸಂಖ್ಯೆಗಳು, ಶೆಡ್ಡಿಗೆ ಸಂಖ್ಯೆಯಿಲ್ಲ. ಎರಡು ಕಡೆಯ ಕಾರ್ಯಕರ್ತೆಯರೂ ಒಪ್ಪಿಸಿದ ಕೆಲಸವನ್ನು ಚಾಚೂ ತಪ್ಪದೆ ಮಾಡಿದ್ದಾರೆ. ಆದರೂ ಬಸುರಿಗೆ ಕಬ್ಬಿಣದ ಮಾತ್ರೆ ಸಿಗಲಿಲ್ಲ, ಕಂಕುಳಲ್ಲಿದ್ದ ಮೊದಲ ಮಗುವಿಗೆ ಹಾಕಿಸಬೇಕಿದ್ದ ದಡಾರ ಲಸಿಕೆ ತಪ್ಪಿತು.

ಈ ಲೋಪಕ್ಕೆ ಯಾರೊಬ್ಬರನ್ನೂ ದೂರಲಾಗದು ಎಂಬುದೇ ಇದರ ವಿಶೇಷ. ನಮ್ಮ ಆರೋಗ್ಯ ಸೇವೆಯ ಲೆಕ್ಕಾಚಾರವೇ ಹಾಗಿದೆ. ಅದು ಮನುಷ್ಯನನ್ನು ಅವನ ಮನೆಯ ಬಾಗಿಲಿನಿಂದ ಗುರುತಿಸುತ್ತದೆ.

ಮನೆ ಬಾಗಿಲಿನ ಲೆಕ್ಕ

ಈ ವ್ಯವಸ್ಥೆಯ ಬೀಜ ಬಿದ್ದದ್ದು ಸ್ವಾತಂತ್ರ್ಯಕ್ಕೆ ಒಂದು ವರ್ಷ ಮೊದಲು, 1946ರಲ್ಲಿ. ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯ ಸಮಿತಿಯು ಹಣವಿಲ್ಲವೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂದು ಹೇಳಿ, ಹಳ್ಳಿಗಾಡಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಜಾಲವನ್ನು ಸೂಚಿಸಿತು. ಅದೇ ಬೆಳೆಯುತ್ತ ಬಂದು ಇಂದು ಬಯಲು ಸೀಮೆಯಲ್ಲಿ 5,000 ಜನಕ್ಕೊಂದು ಉಪಕೇಂದ್ರ, 30,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಸುಮಾರು ಸಾವಿರ ಜನಕ್ಕೊಬ್ಬ ಆಶಾ ಕಾರ್ಯಕರ್ತೆ ಎಂಬ ಮಾನದಂಡವಾಗಿದೆ. ಪಟ್ಟಣಗಳಿಗಾಗಿ 2013ರಲ್ಲಿ ಬಂದ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನದಲ್ಲಿ 50,000 ಜನಕ್ಕೊಂದು ನಗರ ಆರೋಗ್ಯ ಕೇಂದ್ರ. ಸಿಡುಬು ಹೋದದ್ದು, ಹೆರಿಗೆಯ ಸಾವುಗಳು ಕಡಿಮೆಯಾದದ್ದು ಹೀಗೆ ಮನೆ ಮನೆ ಎಣಿಸಿ ಕೆಲಸ ಮಾಡಿದ್ದರಿಂದಲೇ. ಈ ಪದ್ಧತಿಯನ್ನು ಹಗುರವಾಗಿ ಕಾಣುವಂತಿಲ್ಲ.

ತೊಂದರೆ ಇರುವುದು ಎಣಿಕೆಯ ಆಧಾರದಲ್ಲಿ. ‘ಇಷ್ಟು ಜನಕ್ಕೊಂದು’ ಎನ್ನುವಾಗ ಆ ಜನಸಂಖ್ಯೆ ಬರುವುದು ಜನಗಣತಿಯಿಂದ. ಗಣತಿ ನಡೆಯುವುದು ಹತ್ತು ವರ್ಷಕ್ಕೊಮ್ಮೆ. 2021ರಲ್ಲಿ ಆಗಬೇಕಿದ್ದುದು ಕೋವಿಡ್ ಕಾರಣದಿಂದ ಮುಂದಕ್ಕೆ ಹೋಯಿತು. ವರ್ಷದಲ್ಲಿ ಆರು ತಿಂಗಳು ಒಂದೂರು, ಆರು ತಿಂಗಳು ಇನ್ನೊಂದೂರು ಎಂಬಂತೆ ಬದುಕುವವರನ್ನು ಅದು ಎಲ್ಲಿಯವರೆಂದು ಬರೆದುಕೊಳ್ಳಬೇಕು? 2011ರ ಗಣತಿಯ ಪ್ರಕಾರ ದೇಶದಲ್ಲಿ ವಲಸೆ ಬಂದವರ ಸಂಖ್ಯೆ ಸುಮಾರು 45 ಕೋಟಿ. ಇದರಲ್ಲಿ ಬಹುದೊಡ್ಡ ಪಾಲು ಮದುವೆಯಾಗಿ ಗಂಡನ ಊರಿಗೆ ಹೋದ ಹೆಣ್ಣುಮಕ್ಕಳದು. ಹೆಚ್ಚಿನವರು ತಮ್ಮ ರಾಜ್ಯವನ್ನೇ ದಾಟಿದವರಲ್ಲ. ದುಡಿಮೆಗಾಗಿ ರಾಜ್ಯ ದಾಟುವವರ ಅಂದಾಜು ಸಿಕ್ಕಿದ್ದು ಬೇರೊಂದು ದಾರಿಯಲ್ಲಿ. ಕೇಂದ್ರದ 2016-17ರ ಆರ್ಥಿಕ ಸಮೀಕ್ಷೆಯು ಕಾಯ್ದಿರಿಸದ ರೈಲು ಟಿಕೇಟುಗಳ ಲೆಕ್ಕ ಹಿಡಿದು, 2011ರಿಂದ 2016ರವರೆಗೆ ವರ್ಷಕ್ಕೆ ಸರಾಸರಿ 90 ಲಕ್ಷ ಮಂದಿ ರಾಜ್ಯದಿಂದ ರಾಜ್ಯಕ್ಕೆ ಹೋಗಿದ್ದಾರೆಂದು ಅಂದಾಜಿಸಿತು. ಆರೋಗ್ಯ ಇಲಾಖೆಗೆ ಕಾಣದ ಜನ ರೈಲ್ವೆ ಇಲಾಖೆಗೆ ಕಂಡರು!

ಮಂಗಳೂರಿನ ಸೊಳ್ಳೆ

ವಿಳಾಸವಿಲ್ಲದ ರೋಗಿ ಎಂದರೆ ಏನೆಂಬುದು ಚೆನ್ನಾಗಿ ತಿಳಿಯಬೇಕಾದರೆ ಮಂಗಳೂರಿನ ಮಲೇರಿಯಾದ ಕಥೆ ನೋಡಬೇಕು. 1990ರ ದಶಕದ ಆರಂಭದಲ್ಲಿ ಆ ನಗರದಲ್ಲಿ ಮಲೇರಿಯಾ ಮತ್ತೆ ತಲೆಯೆತ್ತಿತು. ಬಹುಮಹಡಿ ಕಟ್ಟಡಗಳು ಸಾಲುಗಟ್ಟಿ ಏಳುತ್ತಿದ್ದ ಕಾಲವದು. ಉತ್ತರ ಕರ್ನಾಟಕದಿಂದ, ಆಮೇಲೆ ಬಿಹಾರ, ಬಂಗಾಳ, ಒಡಿಶಾಗಳಿಂದ ಕೆಲಸಗಾರರು ಬಂದರು. ‘ಇವರೇ ಜ್ವರ ತಂದವರು’ ಎಂಬ ಮಾತು ಸುಲಭವಾಗಿ ಹಬ್ಬಿತು. ವರ್ಷಗಟ್ಟಲೆ ರಾಜ್ಯದ ಮಲೇರಿಯಾ ಪ್ರಕರಣಗಳಲ್ಲಿ ದೊಡ್ಡ ಪಾಲು ದಕ್ಷಿಣ ಕನ್ನಡದಿಂದಲೇ ಬರುತ್ತಿತ್ತು.

ಆದರೆ ಜ್ವರಕ್ಕೆ ರೋಗಾಣು ಮಾತ್ರ ಸಾಲದು, ಸೊಳ್ಳೆಯೂ ಬೇಕು. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಈ ರೋಗಾಣುವನ್ನು ಕಂಡದ್ದನ್ನು ಹೈಸ್ಕೂಲು ವಿದ್ಯಾರ್ಥಿಗಳು ಓದಿರುತ್ತಾರೆ. ನಗರಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫನ್ಸಿ ಎಂಬ ಸೊಳ್ಳೆಗೆ ಕೊಚ್ಚೆ ಬೇಡ, ನಿಂತ ತಿಳಿನೀರು ಬೇಕು. ಕಾಂಕ್ರೀಟ್ ತಾರಸಿ ಹಾಕಿದ ಮೇಲೆ ಅದು ಗಟ್ಟಿಯಾಗಲೆಂದು ಸುತ್ತ ಸಣ್ಣ ಕಟ್ಟೆ ಕಟ್ಟಿ ವಾರ, ಹತ್ತು ದಿನ ನೀರು ನಿಲ್ಲಿಸುತ್ತಾರೆ. ಇದಕ್ಕೆ ಕ್ಯೂರಿಂಗ್ ಎನ್ನುತ್ತಾರೆ. ಬೆಚ್ಚನೆಯ ಹವೆಯಲ್ಲಿ ಸೊಳ್ಳೆಯ ಮೊಟ್ಟೆ ಮರಿಯಾಗಿ, ಗೂಡಾಗಿ, ರೆಕ್ಕೆ ಬಂದು ಹಾರಲು ಬೇಕಾಗುವ ಸಮಯವೂ ಹೆಚ್ಚುಕಡಿಮೆ ಅಷ್ಟೇ. ಕಾಂಕ್ರೀಟು ಗಟ್ಟಿಯಾಗುವುದರೊಳಗೆ ಸೊಳ್ಳೆಯೂ ತಯಾರು. ಹೀಗೆ ತಾರಸಿಯ ಮೇಲೆ ಸೊಳ್ಳೆ ಹುಟ್ಟಿತು, ತಾರಸಿಯ ಕೆಳಗೆ ಕಿಟಕಿ ಬಾಗಿಲಿಲ್ಲದ ಕೋಣೆಯಲ್ಲಿ ಕೆಲಸಗಾರ ಮಲಗಿದ. ಸೊಳ್ಳೆ ಸಾಕಿದ್ದು ಕಟ್ಟಡ, ಕಚ್ಚಿಸಿಕೊಂಡದ್ದು ಕೆಲಸಗಾರ, ಹೆಸರು ಕೆಟ್ಟದ್ದೂ ಅವನದೇ.

ಇನ್ನು ಚಿಕಿತ್ಸೆ. ಮಂಗಳೂರಿನಲ್ಲಿ ಹೆಚ್ಚಾಗಿ ಕಾಣುವ ವೈವಾಕ್ಸ್ ಮಲೇರಿಯಾದ ರೋಗಾಣುವಿಗೆ ಒಂದು ದುರ್ಗುಣವಿದೆ. ರಕ್ತಕ್ಕೆ ಇಳಿದ ರೋಗಾಣುಗಳನ್ನು ಕ್ಲೋರೋಕ್ವಿನ್ ಮಾತ್ರೆ ಮೂರು ದಿನಗಳಲ್ಲಿ ಕೊಲ್ಲುತ್ತದೆ, ಚಳಿಜ್ವರ ನಿಲ್ಲುತ್ತದೆ. ಆದರೆ ಕೆಲವು ರೋಗಾಣುಗಳು ಯಕೃತ್ತಿನೊಳಗೆ ವಾರಗಟ್ಟಲೆ, ತಿಂಗಳುಗಟ್ಟಲೆ ನಿದ್ದೆ ಹೋಗಿರುತ್ತವೆ. ಅವನ್ನು ಕೊಲ್ಲಲು ಪ್ರೈಮಾಕ್ವಿನ್ ಎಂಬ ಇನ್ನೊಂದು ಮಾತ್ರೆಯನ್ನು ಸತತ 14 ದಿನ ನುಂಗಬೇಕು. ಮೂರನೇ ದಿನ ಜ್ವರ ಬಿಟ್ಟ ಕೆಲಸಗಾರ ನಾಲ್ಕನೇ ದಿನ ಕೆಲಸಕ್ಕೆ ಹೋಗುತ್ತಾನೆ, ಹೋಗದಿದ್ದರೆ ಕೂಲಿಯಿಲ್ಲ. ಎಂಟನೇ ದಿನ ಮೇಸ್ತ್ರಿ ಅವನನ್ನು ಇನ್ನೊಂದು ಕಟ್ಟಡಕ್ಕೆ ಕಳಿಸುತ್ತಾನೆ. ಹದಿನಾಲ್ಕನೇ ದಿನದ ಮಾತ್ರೆ ಕೊಡುವವರು ಯಾರು? ಎರಡು ತಿಂಗಳು ಕಳೆದು, ಹೊಸ ಊರಿನಲ್ಲಿ, ಸೊಳ್ಳೆ ಕಚ್ಚದೆಯೂ ಅವನಿಗೆ ಮತ್ತೆ ಜ್ವರ ಬರುತ್ತದೆ. ಆಗ ಆ ಊರಿನ ಸೊಳ್ಳೆಗಳು ಅವನಿಂದ ರೋಗಾಣು ಹೀರಿ ಊರವರಿಗೂ ಹಂಚುತ್ತವೆ. ಸೊಳ್ಳೆ ಯಾರ ಪಡಿತರ ಚೀಟಿಯನ್ನೂ ನೋಡುವುದಿಲ್ಲ.

2015ರಲ್ಲಿ ಮಂಗಳೂರಿನಲ್ಲಿ ಹೊಸ ಕ್ರಮವೊಂದು ಬಂತು. ಮಲೇರಿಯಾ ಪತ್ತೆಯಾದ ಕೂಡಲೇ ವೈದ್ಯರು, ಪ್ರಯೋಗಾಲಯಗಳು ಗಣಕದ ಮೂಲಕ ತಿಳಿಸಬೇಕು. ಕಾರ್ಯಕರ್ತರು ಕೈಯಲ್ಲಿ ಹಿಡಿಯುವ ಟ್ಯಾಬ್ಲೆಟ್ ಗಣಕದೊಂದಿಗೆ ರೋಗಿ ಆಗ ಇರುವ ಜಾಗಕ್ಕೇ ಹೋಗಿ, ಸುತ್ತಲಿನ ಸೊಳ್ಳೆ ತಾಣ ನಾಶ ಮಾಡಿ, ಔಷಧಿ ಪೂರ್ತಿಯಾಯಿತೇ ಎಂದು ನೋಡಬೇಕು. ನಂತರದ ವರ್ಷಗಳಲ್ಲಿ ನಗರದ ಮಲೇರಿಯಾ ಗಣನೀಯವಾಗಿ ಇಳಿಯಿತು. ರೋಗಿಯ ಸ್ವಂತ ಊರು ಯಾವುದೆಂಬ ಪ್ರಶ್ನೆ ಇಲ್ಲಿ ಎರಡನೆಯದಾಯಿತು ಎಂಬುದು ಗಮನಿಸಬೇಕಾದ ಅಂಶ.

ಕ್ಷಯರೋಗದ ಕತೆ ಇನ್ನೂ ಉದ್ದ. ಅಲ್ಲಿ ಚಿಕಿತ್ಸೆಯೇ ಸಾಮಾನ್ಯವಾಗಿ ಆರು ತಿಂಗಳು. 1997ರಲ್ಲಿ ಆರಂಭವಾದ ಪರಿಷ್ಕೃತ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮದಲ್ಲಿ ಔಷಧಿ ಆರಂಭಿಸುವ ಮುನ್ನ ಸಿಬ್ಬಂದಿ ರೋಗಿಯ ಮನೆಗೆ ಹೋಗಿ ವಿಳಾಸ ಖಚಿತಪಡಿಸಿಕೊಳ್ಳಬೇಕೆಂಬ ನಿಯಮವಿತ್ತು. ಅರ್ಧಕ್ಕೆ ಬಿಟ್ಟವರನ್ನು ಹುಡುಕಲೆಂದು ಮಾಡಿದ ಒಳ್ಳೆಯ ನಿಯಮವೇ. ಆದರೆ ಕಾಲುದಾರಿಯ ಮೇಲೆ, ಶೆಡ್ಡಿನಲ್ಲಿ ಮಲಗುವವನಿಗೆ ಅದು ಅಡ್ಡಗೋಡೆಯಾಯಿತು. 2012ರಲ್ಲಿ ಬಂದ ‘ನಿಕ್ಷಯ್’ ಎಂಬ ಗಣಕ ದಾಖಲೆಯಿಂದ ಈಗ ರೋಗಿಯನ್ನು ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ವರ್ಗಾಯಿಸಬಹುದು. ಆದರೆ ತಾನು ಹೊರಡುತ್ತಿದ್ದೇನೆಂದು ರೋಗಿ ಹೇಳಬೇಕು, ಬಂದವನನ್ನು ಅಲ್ಲಿಯವರು ಹುಡುಕಬೇಕು.

ಕಾಯಿದೆ ಏನೆನ್ನುತ್ತದೆ?

ಸಂವಿಧಾನದ 19ನೇ ವಿಧಿ ದೇಶದ ಯಾವ ಭಾಗಕ್ಕಾದರೂ ಹೋಗುವ, ಅಲ್ಲಿ ನೆಲೆಸುವ ಸ್ವಾತಂತ್ರ್ಯವನ್ನು ಪ್ರಜೆಗೆ ಕೊಟ್ಟಿದೆ. ಜನರ ಆರೋಗ್ಯ ಸುಧಾರಿಸುವುದು ಸರಕಾರದ ಕರ್ತವ್ಯ ಎಂದು 47ನೇ ವಿಧಿ ಹೇಳುತ್ತದೆ. ಆದರೆ ಏಳನೇ ಅನುಸೂಚಿಯನ್ನು ತೆರೆದರೆ ಹೊಣೆ ಹರಿದು ಹಂಚಿಹೋಗಿರುವುದು ಕಾಣುತ್ತದೆ. ಆಸ್ಪತ್ರೆಗಳು ಮತ್ತು ಸಾರ್ವಜನಿಕ ಆರೋಗ್ಯ ರಾಜ್ಯಗಳ ಪಟ್ಟಿಯಲ್ಲಿವೆ. ಅಂತರರಾಜ್ಯ ವಲಸೆ ಕೇಂದ್ರದ ಪಟ್ಟಿಯಲ್ಲಿದೆ. ಸಾಂಕ್ರಾಮಿಕ ರೋಗ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹರಡದಂತೆ ತಡೆಯುವುದು ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿಯಲ್ಲಿದೆ. ವಲಸೆ ಕಾರ್ಮಿಕನ ಕಾಲು ಕೇಂದ್ರಕ್ಕೆ, ಹೊಟ್ಟೆನೋವು ರಾಜ್ಯಕ್ಕೆ, ಕೆಮ್ಮು ಇಬ್ಬರಿಗೂ ಎಂಬಂತೆ.

1979ರಲ್ಲಿ ಸಂಸತ್ತು ಅಂತರರಾಜ್ಯ ವಲಸೆ ಕಾರ್ಮಿಕರಿಗಾಗಿಯೇ ಒಂದು ಕಾಯಿದೆ ಮಾಡಿತು. ಐದು ಅಥವಾ ಹೆಚ್ಚು ಮಂದಿ ಹೊರರಾಜ್ಯದ ಕಾರ್ಮಿಕರನ್ನು ಕರೆತಂದ ಗುತ್ತಿಗೆದಾರ ಅವರಿಗೆ ವಸತಿ, ಉಚಿತ ವೈದ್ಯಕೀಯ ಸೌಲಭ್ಯ ಒದಗಿಸಬೇಕೆಂದಿತು. ತಾನಾಗಿ ರೈಲು ಹತ್ತಿ ಬಂದವನು ಅದರೊಳಗೆ ಬರಲಿಲ್ಲ. ಇನ್ನೊಂದು ವಿಚಿತ್ರವೂ ಇತ್ತು. ಹೊಸೂರಿನಿಂದ ಬೆಂಗಳೂರಿಗೆ ಸುಮಾರು 40 ಕಿಲೋಮೀಟರ್. ಅಲ್ಲಿಂದ ಗುತ್ತಿಗೆದಾರ ಕರೆತಂದವನು ಈ ಕಾಯಿದೆಯ ಕಣ್ಣಿಗೆ ವಲಸಿಗ. ರಾಯಚೂರಿನಿಂದ ಸುಮಾರು 400 ಕಿಲೋಮೀಟರ್ ದಾಟಿ ಬಂದವನು ಅಲ್ಲ. ಅವನು ರಾಜ್ಯ ಬಿಟ್ಟಿಲ್ಲವಲ್ಲ! ಈ ಕಾಯಿದೆಯನ್ನು 2020ರ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಹಿತೆಯಲ್ಲಿ ಸೇರಿಸಿ, ಆ ಸಂಹಿತೆಯನ್ನು 2025ರ ನವೆಂಬರ್ 21ರಿಂದ ಜಾರಿಗೆ ತರಲಾಗಿದೆ. ತಾನಾಗಿ ಬಂದವನೂ ಈಗ ಲೆಕ್ಕಕ್ಕೆ ಸೇರಿದ್ದಾನೆ. ಆದರೆ ಐದರ ಬದಲು ಹತ್ತು ಮಂದಿ ಇರಬೇಕು. ರಾಯಚೂರಿನವನ ಸ್ಥಿತಿ ಮೊದಲಿನಂತೆಯೇ.

ನ್ಯಾಯಾಲಯ ಮಾತ್ರ ಸ್ಪಷ್ಟವಾಗಿ ಮಾತನಾಡಿದೆ. 1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕೃಷಿ ಕಾರ್ಮಿಕನೊಬ್ಬನನ್ನು ಒಂದರ ಮೇಲೊಂದು ಸರಕಾರಿ ಆಸ್ಪತ್ರೆಗಳು ಹಾಸಿಗೆಯಿಲ್ಲ, ಸೌಲಭ್ಯವಿಲ್ಲ ಎಂದು ಹಿಂದಕ್ಕೆ ಕಳಿಸಿದವು. 1996ರಲ್ಲಿ ಸುಪ್ರೀಂ ಕೋರ್ಟು, ತುರ್ತು ಚಿಕಿತ್ಸೆಯನ್ನು ಸಕಾಲದಲ್ಲಿ ನಿರಾಕರಿಸುವುದು 21ನೇ ವಿಧಿಯ ಜೀವಿಸುವ ಹಕ್ಕಿನ ಉಲ್ಲಂಘನೆ ಎಂದು ತೀರ್ಪಿತ್ತು. ರೋಗಿ ಯಾವ ಊರಿನವನೆಂಬುದು ಅಲ್ಲಿ ಪ್ರಶ್ನೆಯೇ ಆಗಲಿಲ್ಲ.

ಸರಕಾರದ ಆರೋಗ್ಯ ನೀತಿಗಳು ಇಷ್ಟು ದೂರ ಬಂದಿಲ್ಲ. 1983ರ ಮೊದಲ ರಾಷ್ಟ್ರೀಯ ಆರೋಗ್ಯ ನೀತಿ ಕ್ರಿ.ಶ. 2000ದೊಳಗೆ ಎಲ್ಲರಿಗೂ ಆರೋಗ್ಯ ಎಂದಿತು. 2002ರಲ್ಲಿ ಎರಡನೆಯದು, 2017ರಲ್ಲಿ ಮೂರನೆಯದು ಬಂತು. ಈ ಮೂರನೆಯದಕ್ಕೆ 2015ರಲ್ಲಿ ಕರಡು ಸಿದ್ಧವಾದಾಗ ಆರೋಗ್ಯವನ್ನು ಕಾಯಿದೆಯ ಮೂಲಕ ಹಕ್ಕಾಗಿಸುವ ಪ್ರಸ್ತಾಪವಿತ್ತು. ಅಂತಿಮ ನೀತಿಯಲ್ಲಿ ಅದು ಉಳಿಯಲಿಲ್ಲ. ಹಂತಹಂತವಾಗಿ ಭರವಸೆಯನ್ನು ಹೆಚ್ಚಿಸುತ್ತ ಹೋಗುವ ದಾರಿ ಸಾಕೆಂದು ತೀರ್ಮಾನವಾಯಿತು. ನಗರದ ಬಡವರ ಬಗ್ಗೆ ಹೇಳುವಲ್ಲಿ ಚಿಂದಿ ಆಯುವವರು, ರಿಕ್ಷಾ ಎಳೆಯುವವರು, ಕಟ್ಟಡ ಕಾರ್ಮಿಕರೊಡನೆ ತಾತ್ಕಾಲಿಕ ವಲಸಿಗರ ಹೆಸರೂ ಇದೆ. ಹೆಸರು ಬಂದದ್ದು ಸಣ್ಣ ಮಾತಲ್ಲ. ಆದರೆ ವಿಶೇಷ ಗಮನ ಕೊಡುವುದು ಬೇರೆ, ಕೇಳಿ ಪಡೆಯುವ ಹಕ್ಕು ಬೇರೆ. ಗಮನ ಕೊಡದಿದ್ದರೆ ಯಾರ ಮೇಲೆ ದಾವೆ ಹೂಡುವುದು? 2023ರಲ್ಲಿ ರಾಜಸ್ಥಾನ ಆರೋಗ್ಯವನ್ನು ಹಕ್ಕಾಗಿಸುವ ಕಾಯಿದೆ ತಂದಾಗಲೂ ಅದು ಮಾತನಾಡಿದ್ದು ರಾಜ್ಯದ ನಿವಾಸಿಗಳ ಬಗ್ಗೆ. ಗುಜರಾತಿನಲ್ಲಿ ದುಡಿಯುವ ರಾಜಸ್ಥಾನಿ, ರಾಜಸ್ಥಾನದಲ್ಲಿ ದುಡಿಯುವ ಬಿಹಾರಿ ಎಲ್ಲಿಯ ನಿವಾಸಿಗಳು ಎಂಬ ಗಂಟು ಹಾಗೆಯೇ ಉಳಿಯುತ್ತದೆ.

ಐದು ಲಕ್ಷದ ಕಾರ್ಡು

2018ರ ಸೆಪ್ಟೆಂಬರಿನಲ್ಲಿ ಆರಂಭವಾದ ಆಯುಷ್ಮಾನ್ ಭಾರತ ವಿಮೆಯ ಕಾರ್ಡು ಒಂದು ಮುಖ್ಯ ಗೋಡೆಯನ್ನು ಕೆಡವಿತು. ಬಡ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆ, ಅದೂ ಯೋಜನೆಗೆ ಸೇರಿದ ರಾಜ್ಯಗಳ ನೋಂದಾಯಿತ ಆಸ್ಪತ್ರೆಗಳಲ್ಲಿ ಎಲ್ಲಿಯಾದರೂ. ಇದಕ್ಕೂ ಮುಂಚೆ 2008ರ ರಾಷ್ಟ್ರೀಯ ಸ್ವಾಸ್ಥ್ಯ ವಿಮೆಯಲ್ಲಿ 30,000 ರೂಪಾಯಿಯ ಕಾರ್ಡನ್ನು ಎರಡು ಮಾಡಿ, ಒಂದನ್ನು ಊರಿನಲ್ಲಿ ಬಿಟ್ಟು ಇನ್ನೊಂದನ್ನು ದುಡಿಯುವವನು ಒಯ್ಯುವ ಅವಕಾಶವಿತ್ತು. ಜಾಣತನದ ಏರ್ಪಾಡು.

ಆದರೆ ಈ ಕಾರ್ಡು ಕೆಲಸಕ್ಕೆ ಬರುವುದು ಆಸ್ಪತ್ರೆಯಲ್ಲಿ ದಾಖಲಾದಾಗ. ಹೃದಯದ ಶಸ್ತ್ರಚಿಕಿತ್ಸೆಗೆ ಹಣ ಸಿಗುತ್ತದೆ. ಜ್ವರದ ರಕ್ತಪರೀಕ್ಷೆಗೆ, ರಕ್ತದೊತ್ತಡದ ಮಾತ್ರೆಗೆ, ಸಂಜೆ ಆರರ ನಂತರ ಹೋಗಬಹುದಾದ ದವಾಖಾನೆಗೆ ಅದರಿಂದ ಏನೂ ಇಲ್ಲ. ಕೆಲಸಗಾರನಿಗೆ ಹೆಚ್ಚಾಗಿ ಬೇಕಾಗುವುದು ಎರಡನೆಯದೇ. ಅದು ಸಿಗದೆ ಹೋದರೆ ಏನಾಗುತ್ತದೆಂಬುದಕ್ಕೆ ಮಹಾರಾಷ್ಟ್ರದ ಬೀಡ್ ಜಿಲ್ಲೆ ಸಾಕ್ಷಿ. ಅಲ್ಲಿಂದ ಪ್ರತಿವರ್ಷ ಅಸಂಖ್ಯ ದಂಪತಿಗಳು ಕಬ್ಬು ಕಡಿಯಲು ಪಶ್ಚಿಮ ಮಹಾರಾಷ್ಟ್ರಕ್ಕೂ ನಮ್ಮ ಬೆಳಗಾವಿಯ ಕಡೆಗೂ ಬರುತ್ತಾರೆ. ಗದ್ದೆಯಲ್ಲೇ ಗುಡಿಸಲು, ಶೌಚಾಲಯವಿಲ್ಲ, ಸ್ನಾನಕ್ಕೆ ಮರೆಯಿಲ್ಲ, ಒಂದು ದಿನ ತಪ್ಪಿಸಿಕೊಂಡರೆ ದಂಡ. ಹೆಂಗಸರ ಸಣ್ಣಪುಟ್ಟ ಬಾಧೆಗಳಿಗೆ ಗದ್ದೆಯಲ್ಲಿ ಔಷಧಿಯಿಲ್ಲ. ಊರಿಗೆ ಮರಳಿದ ಮೇಲೆ ಗರ್ಭಕೋಶ ತೆಗೆಸಿಬಿಡಿ ಎಂಬ ಸಲಹೆ ಸಿಗುತ್ತದೆ. 2019ರಲ್ಲಿ ಸರಕಾರ ಸಮೀಕ್ಷೆ ಮಾಡಿಸಿದಾಗ, ಕಬ್ಬು ಕಡಿಯುವ ಸುಮಾರು 82 ಸಾವಿರ ಮಹಿಳೆಯರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿ ಆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ದೊಡ್ಡ ಶಸ್ತ್ರಚಿಕಿತ್ಸೆ ಸಿಕ್ಕಿತು, ಸಣ್ಣ ಮಾತ್ರೆ ಸಿಗಲಿಲ್ಲ.

ಲಸಿಕೆ ರೈಲು ಹತ್ತಿದಾಗ

ಮನಸ್ಸು ಮಾಡಿದರೆ ಏನಾಗಬಹುದೆಂಬುದಕ್ಕೆ ಉದಾಹರಣೆ ಹುಡುಕಿಕೊಂಡು ವಿದೇಶಕ್ಕೆ ಹೋಗಬೇಕಾಗಿಲ್ಲ. ಪೋಲಿಯೊ ಹನಿ ಹಾಕುವ ಕಾರ್ಯಕ್ರಮ ಮನೆ ಮನೆಗೂ ಹೋದ ಮೇಲೂ ಉತ್ತರಪ್ರದೇಶ, ಬಿಹಾರಗಳಲ್ಲಿ ರೋಗ ನಿಲ್ಲಲಿಲ್ಲ. ವೈರಸ್ಸಿನ ಅನುವಂಶಿಕ ರಚನೆಯನ್ನು ಹೋಲಿಸಿ ನೋಡಿದಾಗ, ಅಲ್ಲಿಯ ವೈರಸ್ಸು ದುಡಿಯುವವರ ಜೊತೆ ಬೇರೆ ರಾಜ್ಯಗಳಿಗೂ, ಕಡಲು ದಾಟಿ 2005ರಲ್ಲಿ ಅಂಗೋಲಕ್ಕೂ ಹೋಗಿತ್ತೆಂದು ತಿಳಿಯಿತು. ಆಗ ಕಾರ್ಯಕ್ರಮದ ಪಟ್ಟಿಗೆ ಇಟ್ಟಿಗೆ ಗೂಡುಗಳು, ಕಟ್ಟಡದ ಜಾಗಗಳು, ಅಲೆಮಾರಿಗಳ ಡೇರೆಗಳು, ಕೊಳೆಗೇರಿಗಳು ಸೇರಿದವು. ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ತಂಡಗಳು ನಿಂತವು. ಓಡುವ ರೈಲಿನಲ್ಲೇ ಮಕ್ಕಳ ಬಾಯಿಗೆ ಎರಡು ಹನಿ ಬಿದ್ದು ಕಿರುಬೆರಳಿಗೆ ಶಾಯಿ ಬಿತ್ತು. ಆ ಶಾಯಿಯ ಗುರುತಿಗೆ ವಿಳಾಸ ಬೇಕಿರಲಿಲ್ಲ. ದೇಶದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿ 13ರಂದು ಹೌರಾದಲ್ಲಿ ಕಂಡದ್ದು. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆಯ ಆಗ್ನೇಯ ಏಷ್ಯಾ ವಲಯಕ್ಕೆ ಪೋಲಿಯೊಮುಕ್ತ ಪ್ರಮಾಣಪತ್ರ ಸಿಕ್ಕಿತು.

ಪೋಲಿಯೊಗಾಗಿ ಬರೆದ ಆ ಪಟ್ಟಿಗಳು ಬಸುರಿಯರಿಗೆ, ಕ್ಷಯರೋಗಿಗಳಿಗೆ ಯಾಕೆ ಉಪಯೋಗವಾಗಲಿಲ್ಲ ಎಂದು ಯಾರಾದರೂ ಕೇಳಬಹುದು. 2020ರ ಮಾರ್ಚಿನಲ್ಲಿ ದೇಶಕ್ಕೆ ಬೀಗ ಬಿದ್ದಾಗ, ಹೆದ್ದಾರಿಗಳಲ್ಲಿ ನಡೆದು ಹೊರಟವರ ಲೆಕ್ಕ ಯಾವ ಇಲಾಖೆಯಲ್ಲೂ ಇರಲಿಲ್ಲ. ಆಮೇಲೆ 2021ರ ಆಗಸ್ಟಿನಲ್ಲಿ ಇ-ಶ್ರಮ್ ನೋಂದಣಿ ಬಂತು. 30 ಕೋಟಿಗೂ ಹೆಚ್ಚು ಅಸಂಘಟಿತ ಕಾರ್ಮಿಕರ ಹೆಸರು ಅದರಲ್ಲಿದೆ. ಪಡಿತರ ಚೀಟಿ 2022ರ ಹೊತ್ತಿಗೆ ಎಲ್ಲ ರಾಜ್ಯಗಳಲ್ಲೂ ನಡೆಯುವಂತಾಯಿತು. ರಾಯಚೂರಿನ ಅಕ್ಕಿ ಬೆಂಗಳೂರಿನಲ್ಲಿ ಸಿಗಬಹುದಾದರೆ ಬಸುರಿಯ ತಪಾಸಣೆಯ ದಾಖಲೆಯೂ ಅವಳ ಹಿಂದೆ ಬರುವುದು ಕಷ್ಟವಲ್ಲ. 14 ಅಂಕಿಗಳ ಆರೋಗ್ಯ ಗುರುತಿನ ಸಂಖ್ಯೆ ‘ಆಭಾ’ ಇದಕ್ಕಾಗಿಯೇ ಇದೆ. ಸಂಖ್ಯೆಯ ಜೊತೆಗೆ ಶೆಡ್ಡಿನ ಬಳಿಗೆ ಬರುವ ಒಬ್ಬ ದಾದಿಯೂ ಬೇಕು. ಅವಳನ್ನು ನೇಮಿಸಬೇಕಾದರೆ ಶೆಡ್ಡಿನಲ್ಲಿರುವವರನ್ನೂ ಆ ಊರಿನ ಜನಸಂಖ್ಯೆಗೆ ಸೇರಿಸಬೇಕು.

ಅಲ್ಲಿಯವರೆಗೆ ಗುಳೆ ಹೊರಡುವವರಿಗೆ, ಅವರ ಮಕ್ಕಳಿಗೆ ಪಾಠ ಹೇಳುವವರಿಗೆ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ತಾಯಿ ಕಾರ್ಡನ್ನು ಟ್ರಂಕಿನಲ್ಲಿ ಬಿಡದೆ ಜೊತೆಗೆ ಒಯ್ಯಬೇಕು. ಮಗುವಿನ ಲಸಿಕೆ ದೇಶದ ಯಾವ ಸರಕಾರಿ ಆರೋಗ್ಯ ಕೇಂದ್ರದಲ್ಲಾದರೂ ಉಚಿತ. ಒಂದು ಸುತ್ತು ತಪ್ಪಿದ್ದರೆ ಮೊದಲಿನಿಂದ ಆರಂಭಿಸಬೇಕಾಗಿಲ್ಲ, ನಿಂತಲ್ಲಿಂದ ಮುಂದುವರಿಸಬಹುದು. ಕ್ಷಯರೋಗದ ಔಷಧಿ ನುಂಗುತ್ತಿರುವವರು ಊರು ಬಿಡುವ ಮುನ್ನ ಆಸ್ಪತ್ರೆಯಲ್ಲಿ ಹೋಗುವ ಊರಿನ ಹೆಸರು ಹೇಳಿ ನಿಕ್ಷಯ್ ಸಂಖ್ಯೆ ಬರೆಸಿಕೊಳ್ಳಬೇಕು. ಪೌಷ್ಟಿಕ ಆಹಾರಕ್ಕೆಂದು ಬ್ಯಾಂಕ್ ಖಾತೆಗೆ ಬರುವ ಹಣವೂ, 2024ರ ನವೆಂಬರಿನಿಂದ ಅದು ತಿಂಗಳಿಗೆ 1,000 ರೂಪಾಯಿ, ಆ ಸಂಖ್ಯೆಯ ಮೇಲೆಯೇ ಬರುತ್ತದೆ. ವೈವಾಕ್ಸ್ ಮಲೇರಿಯಾ ಎಂದು ಹೇಳಿ ಪ್ರೈಮಾಕ್ವಿನ್ ಕೊಟ್ಟಿದ್ದರೆ, ಹದಿನಾಲ್ಕೂ ದಿನದ ಮಾತ್ರೆಯನ್ನು ಮೊದಲ ದಿನವೇ ಎಣಿಸಿ ಚೀಲಕ್ಕೆ ಹಾಕಿಕೊಳ್ಳುವುದು ಒಳ್ಳೆಯದು.